ತಂದೆ ನಿಶ್ಚಿತ, ತಾಯಿ ಅನುಮಾನ

ತಾಯಿ ಕಣ್ಣೆದುರಿನ ಸತ್ಯ, ತಂದೆ ನಂಬಿಕೆಯ ಮಾತು ಎನ್ನುವುದು ಲೋಕರೂಢಿ. ಹೆರಿಗೆಗೆ ಸಾಕ್ಷಿಗಳಿರುತ್ತಾರೆ, ಬಸಿರಿಗೆ ಇರುವುದಿಲ್ಲ. ಆದರೆ ಹನ್ನೆರಡನೆಯ ಶತಮಾನದಿಂದ ಹದಿನೈದನೆಯ ಶತಮಾನದವರೆಗಿನ ಇಂಗ್ಲೆಂಡಿನ ದೊಡ್ಡ ಮನೆತನಗಳ ವಂಶಾವಳಿ ಬಿಡಿಸಲು ಕುಳಿತವರಿಗೆ ಈ ರೂಢಿ ಬುಡಮೇಲಾಗಿ ಕಾಣುತ್ತದೆ. ಅರ್ಲ್, ಬ್ಯಾರನ್ ಎಂಬ ಬಿರುದು ಹೊತ್ತವರ ತಂದೆ ಯಾರೆಂಬುದು ಸಾಮಾನ್ಯವಾಗಿ ಮೊದಲ ದಾಖಲೆಯಲ್ಲೇ ಸಿಗುತ್ತದೆ. ತಾಯಿ ಯಾರೆಂದು ಕೇಳಿದರೆ ಹತ್ತಾರು ಕಡತ ತಿರುವಿದ ಮೇಲೂ ಬರಿಯ ಒಂದು ಹೆಸರು, ಕೆಲವೊಮ್ಮೆ ಅದೂ ಇಲ್ಲ. ಹೆತ್ತವಳ ಮೇಲೆ ಯಾರಿಗೋ ಸಂಶಯವಿದ್ದುದರಿಂದ ಹೀಗಾದದ್ದಲ್ಲ. ಬರೆಸಿದವರಿಗೆ ಅವಳ ಹೆಸರಿನಿಂದ ಆಗಬೇಕಾದ ಕೆಲಸ ಇರಲಿಲ್ಲ, ಅಷ್ಟೇ. ಈ ದಾಖಲೆಗಳು ರಕ್ತಸಂಬಂಧವನ್ನು ಬರೆದಿಡಲು ಹುಟ್ಟಿದವಲ್ಲ. ಜಮೀನು ಯಾರ ಕೈಗೆ ಹೋಗಬೇಕು ಎಂದು ತೀರ್ಮಾನಿಸಲು ಹುಟ್ಟಿದವು. ಇದನ್ನು ಮರೆತರೆ ತಂದೆಯ ವಿಷಯದಲ್ಲಿ ಇಲ್ಲದ ಖಚಿತತೆಯನ್ನೂ ತಾಯಿಯ ವಿಷಯದಲ್ಲಿ ಇಲ್ಲದ ಕಥೆಗಳನ್ನೂ ನಂಬಿ ಕೂರುತ್ತೇವೆ.

ಮೂರನೆಯ ಹೆನ್ರಿಯ ಕಾಲದಲ್ಲಿ, ಸುಮಾರು 1236ರಿಂದ, ಅರಸನಿಂದ ನೇರವಾಗಿ ಜಮೀನು ಪಡೆದವನು ಸತ್ತಾಗ ಒಂದು ವಿಚಾರಣೆ ನಡೆಯುವ ಪದ್ಧತಿ ನೆಲೆಗೊಂಡಿತು. ಎಸ್ಚೀಟರ್ ಎಂಬ ಅಧಿಕಾರಿ ಊರಿನ ಪಂಚರನ್ನು ಸೇರಿಸಿ ಪ್ರಮಾಣ ಮಾಡಿಸಿ ಕೇಳುತ್ತಿದ್ದ ಪ್ರಶ್ನೆಗಳು ಕೆಲವೇ: ಸತ್ತವನ ಬಳಿ ಯಾವ ಜಮೀನಿತ್ತು, ಯಾವ ಸೇವೆಯ ಮೇಲೆ, ಸತ್ತದ್ದು ಎಂದು, ವಾರಸುದಾರ ಯಾರು, ಅವನ ವಯಸ್ಸೆಷ್ಟು. ವಾರಸುದಾರ ಅಪ್ರಾಪ್ತನಾಗಿದ್ದರೆ ಜಮೀನೂ ಹುಡುಗನೂ ಅರಸನ ವಶಕ್ಕೆ ಬರುತ್ತಿದ್ದುದರಿಂದ ವಯಸ್ಸಿನ ಪ್ರಶ್ನೆ ಲಾಭದ ಪ್ರಶ್ನೆಯಾಗಿತ್ತು. ನಾಲ್ಕು ಶತಮಾನ ನಡೆದ ಈ ಪಂಚನಾಮೆಗಳೇ ಇಂದು ವಂಶಾವಳಿಗಾರರ ಮುಖ್ಯ ಆಧಾರ. ಅವುಗಳಲ್ಲಿ ಹೆತ್ತವಳು ಯಾರೆಂಬ ಪ್ರಶ್ನೆ ಇಲ್ಲ. ಸತ್ತವಳೇ ಜಮೀನ್ದಾರಿಣಿಯಾಗಿದ್ದರೆ ಮಾತ್ರ ಅವಳ ಮಗನನ್ನು ಅವಳ ಮಗನೆಂದು ಬರೆಯುತ್ತಿದ್ದರು. ಪಂಚರ ನೆನಪಿನ ಮೇಲೆಯೂ ಒಂದು ಮಾತು ಹೇಳಬೇಕು. ಹುಡುಗ ಪ್ರಾಪ್ತನಾದನೆಂದು ಸಾಬೀತು ಮಾಡುವ ವಿಚಾರಣೆಗಳಲ್ಲಿ ಒಬ್ಬ ಸಾಕ್ಷಿ ಆ ದಿನ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡದ್ದನ್ನು ನೆನೆಯುತ್ತಾನೆ, ಇನ್ನೊಬ್ಬ ತನ್ನ ಮಗ ಹುಟ್ಟಿದ್ದನ್ನು, ಮತ್ತೊಬ್ಬ ಯಾರನ್ನೋ ಮಣ್ಣು ಮಾಡಿದ್ದನ್ನು. ಬೇರೆ ಬೇರೆ ಜಿಲ್ಲೆಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಇವೇ ಕಾಲು, ಇವೇ ಕುದುರೆ ಮತ್ತೆ ಮತ್ತೆ ಬರುತ್ತವೆ. ಗುಮಾಸ್ತರ ಬಳಿ ಸಿದ್ಧ ನಮೂನೆ ಇತ್ತೆಂದು ಊಹಿಸಲು ಬಹಳ ಜಾಣತನ ಬೇಕಿಲ್ಲ.

ತಂದೆಯ ಖಚಿತತೆ ಬಂದದ್ದು ಕಾನೂನಿನಿಂದ. ಮದುವೆಯಾದ ಹೆಂಗಸಿಗೆ ಹುಟ್ಟಿದ ಮಗು ಅವಳ ಗಂಡನದೇ. ಗಂಡ ಇಂಗ್ಲೆಂಡನ್ನು ಸುತ್ತುವರಿದ ನಾಲ್ಕು ಕಡಲುಗಳ ಒಳಗಿದ್ದರೆ ಸಾಕು, ಬೇರೆ ವಿಚಾರಣೆ ಬೇಡ ಎಂಬಲ್ಲಿಗೆ ಇಂಗ್ಲಿಷ್ ಕಾನೂನು ಬಂದು ನಿಂತಿತ್ತು. ಈ ನಿಯಮ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಹನ್ನೆರಡನೆಯ ಶತಮಾನದ ಕೊನೆಯ ಲಿಂಕನ್‌ಶೈರಿನ ಒಂದು ಪ್ರಕರಣ ಸಾಕ್ಷಿ. ಸೇಲ್ಬಿಯ ಥಾಮಸ್ ಎಂಬ ಮುದುಕ ನೈಟ್‌ಗೆ ಮಕ್ಕಳಿರಲಿಲ್ಲ. ಆಸ್ತಿ ಮೈದುನ ವಿಲಿಯಂನ ಪಾಲಾಗಬಾರದೆಂದು ಹೆಂಡತಿ ಆಗ್ನೆಸ್ ಬಸುರಿಯಂತೆ ನಟಿಸಿ, ಹಳ್ಳಿಯ ಹೆಂಗಸೊಬ್ಬಳ ಹೆಣ್ಣುಮಗುವನ್ನು ತರಿಸಿ, ತಾನೇ ಹೆತ್ತೆನೆಂದು ಸಾರಿದಳು. ಮಗುವಿಗೆ ಗ್ರೇಸ್ ಎಂದು ಹೆಸರಿಟ್ಟರು. ಲಿಂಕನ್ನಿನ ಬಿಷಪ್ ಹ್ಯೂ, ಮುಂದೆ ಸಂತನೆನಿಸಿಕೊಂಡವನು, ಮೋಸವನ್ನು ಹೊರಗೆಳೆದು ದಂಪತಿಗಳನ್ನು ಗದರಿದ. ಇದರ ಕಥೆ ಉಳಿದಿರುವುದು ಅವನ ಚರಿತ್ರೆ ಬರೆದ ಸನ್ಯಾಸಿಯ ಪುಸ್ತಕದಲ್ಲಿ. ಆದರೆ ಅರಸನ ನ್ಯಾಯಾಲಯಕ್ಕೆ ಬೇಕಾಗಿದ್ದ ಉತ್ತರ ಒಂದೇ: ಗಂಡ ಬದುಕಿದ್ದಾಗ ಈ ಮಗುವನ್ನು ತನ್ನದೆಂದು ಒಪ್ಪಿದ್ದನೇ? ಒಪ್ಪಿದ್ದ. ಹಾಗಿದ್ದರೆ ಅವಳೇ ವಾರಸುದಾರಳು. ಬಿಷಪ್ ಬೇಡವೆಂದರೂ ನಾಲ್ಕು ವರ್ಷದ ಗ್ರೇಸ್‌ಳನ್ನು ಅರಸನ ಅರಣ್ಯಾಧಿಕಾರಿಯ ತಮ್ಮ ಆಡಂ ನೆವಿಲ್‌ಗೆ ಮದುವೆ ಮಾಡಿದರು. ಅವನು ಸತ್ತ ಮೇಲೆ ದೊರೆ ಜಾನ್ ಅವಳನ್ನು ಹಣ ಪಡೆದು ಮತ್ತೆ ಮತ್ತೆ ಮದುವೆಗೆ ಮಾರಿದ. ಇಲ್ಲಿ ತಂದೆ ತಂದೆಯಲ್ಲ, ತಾಯಿ ತಾಯಿಯಲ್ಲ, ಊರಿಗೆಲ್ಲ ಗೊತ್ತಿದ್ದ ಸಂಗತಿ. ದಾಖಲೆಯಲ್ಲಿ ಮಾತ್ರ ಗ್ರೇಸ್ ಥಾಮಸನ ಮಗಳು. ಸನ್ಯಾಸಿಯ ಪುಸ್ತಕ ಉಳಿಯದಿದ್ದರೆ ಇಂದು ಅವಳನ್ನು ಸೇಲ್ಬಿ ಮನೆತನದ ಕೊಂಬೆಯಾಗಿ ಯಾವ ಅಳುಕೂ ಇಲ್ಲದೆ ಬರೆದಿರುತ್ತಿದ್ದೆವು.

ಕಾನೂನು ಇನ್ನೊಂದು ದಿಕ್ಕಿನಲ್ಲೂ ಇಷ್ಟೇ ಬಿಗಿಯಾಗಿತ್ತು. ಮದುವೆಗೆ ಮೊದಲು ಹುಟ್ಟಿದ ಮಗು ಮುಂದೆ ತಂದೆತಾಯಿ ಮದುವೆಯಾದರೆ ಔರಸವಾಗುತ್ತದೆ ಎಂದು ಚರ್ಚ್ ಹೇಳುತ್ತಿತ್ತು. 1236ರಲ್ಲಿ ಮರ್ಟನ್‌ನಲ್ಲಿ ಸೇರಿದ ಸಭೆಯಲ್ಲಿ ಬಿಷಪ್‌ಗಳು ದೇಶದ ಕಾನೂನೂ ಹಾಗೇ ಆಗಲಿ ಎಂದಾಗ ಬ್ಯಾರನ್‌ಗಳು ಒಕ್ಕೊರಲಿನಿಂದ ನಿರಾಕರಿಸಿದರು. ಮದುವೆಗೆ ಹಿಂದಿನ ದಿನ ಹುಟ್ಟಿದವನು ಯಾರ ಮಗನೂ ಅಲ್ಲ, ಮರುದಿನ ಹುಟ್ಟಿದವನು ಪ್ರಶ್ನಾತೀತ ವಾರಸುದಾರ. ಮೂರನೆಯ ಎಡ್ವರ್ಡನ ಮಗ ಜಾನ್ ಆಫ್ ಗಾಂಟ್ ಮತ್ತು ಕ್ಯಾಥರಿನ್ ಸ್ವಿನ್‌ಫರ್ಡ್‌ರ ನಾಲ್ವರು ಬೋಫರ್ಟ್ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ, 1396ರಲ್ಲಿ, ತಂದೆತಾಯಿಯ ಮದುವೆಯಾಯಿತು. ಪೋಪನ ಅನುಮತಿ ಸಿಕ್ಕರೂ ಸಾಲದೆ 1397ರಲ್ಲಿ ಪಾರ್ಲಿಮೆಂಟಿನ ಮುಂದೆ ಅರಸನ ಸನದು ಬೇಕಾಯಿತು. 1407ರಲ್ಲಿ ನಾಲ್ಕನೆಯ ಹೆನ್ರಿ ಅದೇ ಸನದಿಗೆ ಸಿಂಹಾಸನದ ಹಕ್ಕೊಂದನ್ನು ಹೊರತುಪಡಿಸಿ ಎಂಬ ಮಾತು ಸೇರಿಸಿದ. ರಕ್ತ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಚರ್ಚೆ ಅದರ ಬಗ್ಗೆ ನಡೆಯಲೇ ಇಲ್ಲ.

ಇನ್ನು ಹೆಂಡತಿಯರ ಕಡೆ ನೋಡೋಣ. ಗಂಡ ಸತ್ತ ಮೇಲೆ ಅವನ ಜಮೀನಿನ ಮೂರರಲ್ಲಿ ಒಂದು ಭಾಗ ಜೀವನಾಂಶವಾಗಿ ವಿಧವೆಗೆ ಸಲ್ಲುತ್ತಿತ್ತು. ಅದಕ್ಕಾಗಿ ಹೂಡಿದ ದಾವೆಗಳು ಸಾವಿರಾರು ಉಳಿದಿವೆ. ಅವುಗಳಲ್ಲಿ ಅವಳು ಕಾಣಿಸುವುದು ಇಂಥವನ ಹೆಂಡತಿಯಾಗಿದ್ದ ಮ್ಯಾಟಿಲ್ಡಾ, ಇಂಥವನ ಹೆಂಡತಿಯಾಗಿದ್ದ ಇಸಬೆಲ್ ಎಂದು. ತವರಿನ ಹೆಸರಿಲ್ಲ. ವಂಶಾವಳಿಗಾರರು ಅತಿ ಹೆಚ್ಚು ಎಡವುವುದು ಇಲ್ಲೇ. ಹೆರಿಗೆಯಲ್ಲಿ ಸಾಯುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಒಬ್ಬ ಬ್ಯಾರನ್ ಎರಡು, ಮೂರು ಮದುವೆಯಾಗುವುದೂ ಸಾಮಾನ್ಯ. ಅವನು ಸತ್ತಾಗ ದಾವೆ ಹೂಡಿದ ವಿಧವೆ ಕೊನೆಯ ಹೆಂಡತಿ. ವಾರಸುದಾರನನ್ನು ಹೆತ್ತವಳು ಇಪ್ಪತ್ತು ವರ್ಷ ಹಿಂದೆಯೇ ತೀರಿಹೋದ ಮೊದಲನೆಯವಳಿರಬಹುದು, ಅವಳ ಹೆಸರು ಎಲ್ಲೂ ಬರದೇ ಇರಬಹುದು. ದಾಖಲೆಯಲ್ಲಿ ಒಬ್ಬಳೇ ಹೆಂಡತಿ ಸಿಕ್ಕಳೆಂದು ಎಲ್ಲ ಮಕ್ಕಳನ್ನೂ ಅವಳ ಮಡಿಲಿಗೆ ಹಾಕಿದ ವಂಶವೃಕ್ಷಗಳು ಬೇಕಾದಷ್ಟಿವೆ. ಮಲತಾಯಿಯ ತವರನ್ನು ತಮ್ಮ ಅಜ್ಜಿಯ ಮನೆಯೆಂದು ಹೆಮ್ಮೆಪಟ್ಟುಕೊಂಡ ಸಂತತಿಯೂ ಕಡಿಮೆಯೇನಲ್ಲ.

ಹಾಗಾದರೆ ತಾಯಿ ಸಿಗುವುದು ಎಲ್ಲಿ? ಜಮೀನಿನ ದಾರಿ ಅವಳ ಮೂಲಕ ಹಾದುಹೋದಲ್ಲಿ. ಇಂಗ್ಲಿಷ್ ಕಾನೂನಿನಲ್ಲಿ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡ ಅಣ್ಣ ಮಕ್ಕಳಿಲ್ಲದೆ ಸತ್ತರೆ ಅದು ಒಡಹುಟ್ಟಿದ ತಂಗಿಗೆ ಹೋಗುತ್ತಿತ್ತು, ಬೇರೆ ತಾಯಿಯ ತಮ್ಮನಿಗೆ ಅಲ್ಲ. ಅಂಥ ವ್ಯಾಜ್ಯ ಬಂದಾಗ ಪಂಚರು ಬೇರೆ ದಾರಿ ಇಲ್ಲದೆ ತಾಯಂದಿರನ್ನು ಹೆಸರಿಸುತ್ತಾರೆ. ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಎರಡು ತಲೆಮಾರಿನ ಮೇಲೆ ಮೊಮ್ಮಗನ ಕೈಯಲ್ಲಿ ಕಂಡರೆ ಅಜ್ಜಿಯ ತವರು ಯಾವುದೆಂದು ಹೇಳಬಹುದು. ಜಮೀನುಳ್ಳ ಹೆಂಡತಿ ಸತ್ತಾಗ, ಅವಳಿಗೆ ಜೀವಂತ ಮಗು ಹುಟ್ಟಿತ್ತೆಂದು ತೋರಿಸಿದರೆ ಗಂಡನಿಗೆ ಆ ಜಮೀನಿನ ಅನುಭೋಗ ಅವನ ಜೀವಮಾನದವರೆಗೂ ಸಿಗುತ್ತಿತ್ತು. ಮಗುವಿನ ಅಳು ಕೋಣೆಯ ನಾಲ್ಕು ಗೋಡೆಗಳ ನಡುವೆ ಕೇಳಿಸಿತ್ತೇ ಎಂಬುದು ಅಲ್ಲಿ ಸಾಕ್ಷ್ಯ. ಹೆರಿಗೆಯ ಕೋಣೆಗೆ ಗಂಡಸರು ಹೋಗುವಂತಿಲ್ಲ, ಹೆಂಗಸರ ಸಾಕ್ಷಿ ನಡೆಯುವಂತಿಲ್ಲ, ಆದ್ದರಿಂದ ಗೋಡೆಯಾಚೆ ನಿಂತ ಗಂಡಸರ ಕಿವಿಯೇ ಪ್ರಮಾಣ!

ಮದುವೆಯ ಹೊರಗಿನ ಮಕ್ಕಳ ತಾಯಂದಿರಿಗೆ ಈ ಯಾವ ದಾರಿಯೂ ಇರಲಿಲ್ಲ. ಮೊದಲನೆಯ ಹೆನ್ರಿ ಒಪ್ಪಿಕೊಂಡ ಅನೌರಸ ಮಕ್ಕಳೇ ಇಪ್ಪತ್ತಕ್ಕೂ ಹೆಚ್ಚು. ಅವರಲ್ಲಿ ಎಲ್ಲರಿಗಿಂತ ಬಲಶಾಲಿಯಾದ ಗ್ಲಾಸ್ಟರಿನ ಅರ್ಲ್ ರಾಬರ್ಟನ ತಾಯಿ ವೇಲ್ಸಿನ ರಾಜಕುಮಾರಿ ನೆಸ್ಟ್ ಎಂದು ಬಹುಕಾಲ ಬರೆದರು. ನೆಸ್ಟ್ ಹೆನ್ರಿಗೆ ಹೆತ್ತದ್ದು ಬೇರೊಬ್ಬ ಮಗನನ್ನು. ರಾಬರ್ಟನ ತಾಯಿ ಆಕ್ಸ್‌ಫರ್ಡ್‌ಶೈರಿನ ಸಾಧಾರಣ ಮನೆತನದವಳಿರಬೇಕೆಂಬುದು ಇಂದಿನ ವಿದ್ವಾಂಸರ ವಾದ. ಎರಡನೆಯ ಹೆನ್ರಿಯ ಮಗ, ಯಾರ್ಕಿನ ಆರ್ಚ್‌ಬಿಷಪ್ ಜೆಫ್ರಿಯ ತಾಯಿಯನ್ನು ವಾಲ್ಟರ್ ಮ್ಯಾಪ್ ಒಬ್ಬನೇ ಹೆಸರಿಸುತ್ತಾನೆ. ಯ್ಕೆನಾಯ್ ಎನ್ನುತ್ತಾನೆ, ಬೀದಿಯ ಹೆಂಗಸು ಎನ್ನುತ್ತಾನೆ. ಮ್ಯಾಪ್‌ಗೆ ಜೆಫ್ರಿಯನ್ನು ಕಂಡರಾಗುತ್ತಿರಲಿಲ್ಲ ಎಂಬುದನ್ನು ನೆನಪಿಟ್ಟು ಅವನ ಮಾತನ್ನು ತೂಗಬೇಕು.

ಎರಡನೆಯ ಹೆನ್ರಿಯ ಇನ್ನೊಬ್ಬ ಮಗ, ಸಾಲಿಸ್‌ಬರಿಯ ಅರ್ಲ್ ವಿಲಿಯಂ ಲಾಂಗೆಸ್ಪೆಯ ಪ್ರಕರಣವನ್ನು ನಿಧಾನವಾಗಿ ನೋಡಬೇಕು. ತಾಯಿಯನ್ನು ಹುಡುಕುವ ಕೆಲಸ ಹೇಗೆ ಕೆಡುತ್ತದೆ, ಹೇಗೆ ಕೂಡಿಬರುತ್ತದೆ ಎರಡೂ ಅದರಲ್ಲಿವೆ. ಅವನು ಅರಸನ ಮಗ ಎಂಬುದಕ್ಕೆ ಸಂಶಯವೇ ಇರಲಿಲ್ಲ. ಅವನ ಗುರಾಣಿಯ ಮೇಲಿನ ಸಿಂಹಗಳು ಅವನ ಅಜ್ಜ ಆಂಜೂವಿನ ಜೆಫ್ರಿಯ ಸಮಾಧಿಫಲಕದಲ್ಲಿ ಇರುವಂಥವೇ. ತಾಯಿಯ ಜಾಗ ಮಾತ್ರ ಖಾಲಿ. ಆ ಖಾಲಿ ಜಾಗಕ್ಕೆ ಹೆನ್ರಿಯ ಪ್ರೇಯಸಿಯರಲ್ಲಿ ಹೆಸರಾದ ರೋಸಮಂಡ್ ಕ್ಲಿಫರ್ಡ್‌ಳನ್ನು ತಂದು ಕೂರಿಸಿದರು. ಲಾವಣಿಗಳಿಗೂ ನಾಟಕಗಳಿಗೂ ಒಗ್ಗುವ ಹೆಣ್ಣು ಅವಳು. ರೋಸಮಂಡ್ ತೀರಿಕೊಂಡದ್ದು ಸುಮಾರು 1176ರಲ್ಲಿ. ಆದ್ದರಿಂದ ವಿಲಿಯಂನ ಹುಟ್ಟನ್ನೂ ಅದಕ್ಕೆ ಸಾಕಷ್ಟು ಹಿಂದಕ್ಕೆ ತಳ್ಳಿದರು. ಹೀಗೆ ಒಂದು ಊಹೆ ಇನ್ನೊಂದು ಊಹೆಗೆ ಆಧಾರವಾಯಿತು. ವಿಲ್ಟ್‌ಶೈರಿನ ಬ್ರೇಡನ್‌ಸ್ಟೋಕ್ ಮಠದ ಸನದುಗಳ ನಕಲುಪುಸ್ತಕ 1979ರಲ್ಲಿ ಅಚ್ಚಾದಾಗ ಅದರಲ್ಲಿ ವಿಲಿಯಂನದೇ ದಾನಪತ್ರಗಳು ಕಂಡವು. ತನ್ನವರ ಆತ್ಮಗಳ ಸದ್ಗತಿಗಾಗಿ ಕೊಟ್ಟ ದಾನದಲ್ಲಿ ಅವನು ತನ್ನ ತಾಯಿಯನ್ನು ಕೌಂಟೆಸ್ ಐಡಾ ಎಂದು ಕರೆದಿದ್ದ. ರೋಸಮಂಡ್ ಎಂದೂ ಕೌಂಟೆಸ್ ಆಗಿರಲಿಲ್ಲ, ಐಡಾ ಅವಳ ಹೆಸರೂ ಅಲ್ಲ. ದಾನಪತ್ರದ ಎರಡು ಪದಗಳು ಶತಮಾನಗಳ ಕಥೆಯನ್ನು ಮುಗಿಸಿದವು.

ಯಾವ ಐಡಾ ಎಂಬ ಪ್ರಶ್ನೆ ಉಳಿಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ಐಡಾ ಎಂಬ ಕೌಂಟೆಸ್ ಎಂದರೆ ನಾರ್ಫೋಕಿನ ಅರ್ಲ್ ರೋಜರ್ ಬಿಗಾಡ್‌ನ ಹೆಂಡತಿ. ಅವಳು ಮೊದಲು ಅರಸನ ಪಾಲನೆಯಲ್ಲಿದ್ದ ಹುಡುಗಿ, ಟೋನಿ ಮನೆತನದವಳೆಂಬ ವಾದ ಬಲವಾಗಿದೆ. 1181ರಲ್ಲಿ ಹೆನ್ರಿಯೇ ಅವಳನ್ನು ರೋಜರನಿಗೆ ಮದುವೆ ಮಾಡಿಸಿ ನಾರ್ಫೋಕಿನ ಆಕ್ಲ್, ಹಾಲ್ವರ್‌ಗೇಟ್, ದಕ್ಷಿಣ ವಾಲ್ಷಮ್ ಊರುಗಳನ್ನು ಜೊತೆಗೆ ಕೊಟ್ಟ. ತನ್ನ ಆಶ್ರಯದಲ್ಲಿದ್ದ ಹುಡುಗಿಯಿಂದ ಮಗ ಪಡೆದು, ಆಮೇಲೆ ಅವಳಿಗೆ ಒಳ್ಳೆಯ ಗಂಡನನ್ನು ಗೊತ್ತುಮಾಡುವುದು ಆ ಅರಮನೆಗೆ ಹೊಸದೇನಲ್ಲ. ಆದರೂ ಇದು ಹೆಸರಿನ ಹೊಂದಾಣಿಕೆ ಮಾತ್ರ, ಸಾಕ್ಷ್ಯವಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ದೂರದ ಫ್ರಾನ್ಸಿನಲ್ಲಿದೆ. 1214ರ ಜುಲೈ 27ರಂದು ಬೂವಿನ್ ಕಾಳಗದಲ್ಲಿ ಫ್ರೆಂಚರು ವಿಲಿಯಂನನ್ನು ಸೆರೆಹಿಡಿದರು. ಸೆರೆಯಾಳುಗಳ ಪಟ್ಟಿಯಲ್ಲಿ ರಾಲ್ಫ್ ಬಿಗಾಡ್ ಎಂಬವನೂ ಇದ್ದಾನೆ, ಅವನನ್ನು ಸಾಲಿಸ್‌ಬರಿ ಅರ್ಲ್‌ನ ಸೋದರ ಎಂದು ಬರೆದಿದೆ. ಬಿಗಾಡ್ ಮನೆಯ ಹುಡುಗ ಅರಸನ ಮಗನಿಗೆ ಸೋದರನಾಗುವುದು ತಾಯಿ ಒಬ್ಬಳೇ ಆಗಿದ್ದರೆ ಮಾತ್ರ. ಸೆರೆಯಾಳಿನ ಬೆಲೆ ಕಟ್ಟಲು ಅವನ ನೆಂಟಸ್ತಿಕೆ ಬೇಕಿದ್ದ ಗುಮಾಸ್ತನಿಗೆ ಮಠದ ದಾನಪತ್ರದ ಅರಿವು ಇರಲು ಸಾಧ್ಯವಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆಯಿಂದ ಒಂದೇ ಉತ್ತರ ಬಂದಾಗ ಅದನ್ನು ಸತ್ಯವೆಂದು ಒಪ್ಪಬಹುದು. ಗಮನಿಸಬೇಕಾದ ಇನ್ನೊಂದು ಸಂಗತಿ: ಈ ಎರಡೂ ದಾಖಲೆಗಳು ಆಸ್ತಿಯ ವಾರಸಿಕೆಯವಲ್ಲ. ಒಂದು ಪ್ರಾರ್ಥನೆಯದು, ಇನ್ನೊಂದು ಯುದ್ಧದ್ದು. ವಾರಸಿಕೆಯ ಕಡತಗಳಲ್ಲೇ ಹುಡುಕುತ್ತಿದ್ದರೆ ಐಡಾ ಸಿಗುತ್ತಲೇ ಇರಲಿಲ್ಲ.

ತಂದೆಯ ಬಗ್ಗೆ ಆ ಕಾಲದವರಿಗೂ ಸಂಶಯವಿತ್ತಲ್ಲ ಎಂದು ಕೇಳಬಹುದು. ಇತ್ತು, ಆದರೆ ಸಿಂಹಾಸನದ ಸುತ್ತ ರಾಜಕೀಯ ಬಿಸಿಯೇರಿದಾಗಲೇ ಅದು ಬಾಯಿಬಿಡುತ್ತಿತ್ತು. ಜಾನ್ ಆಫ್ ಗಾಂಟ್ ಜನರ ಸಿಟ್ಟಿಗೆ ಗುರಿಯಾಗಿದ್ದ 1376-77ರಲ್ಲಿ ಅವನು ಗೆಂಟ್ ಊರಿನಲ್ಲಿ ಅದಲುಬದಲಾದ ಕೂಸು, ರಾಣಿ ಫಿಲಿಪ್ಪಾಳ ಮಗನೇ ಅಲ್ಲ ಎಂಬ ಸುದ್ದಿ ಹಬ್ಬಿತು. ಆಗ ಅವನಿಗೆ ಮೂವತ್ತಾರು ದಾಟಿತ್ತು, ಅಲ್ಲಿಯವರೆಗೆ ಯಾರಿಗೂ ಹೊಳೆಯದ ಮಾತು. ನಾಲ್ಕನೆಯ ಎಡ್ವರ್ಡ್ 1442ರ ಏಪ್ರಿಲ್ 28ರಂದು ರೂವಾನಿನಲ್ಲಿ ಹುಟ್ಟಿದ. ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದರೆ ತಂದೆ ಯಾರ್ಕಿನ ಡ್ಯೂಕ್ ಪಾಂಟ್ವಾಸ್ ದಂಡಯಾತ್ರೆಯಲ್ಲಿದ್ದ ಎಂಬುದನ್ನು ಇಂದಿಗೂ ಕೆಲವರು ಹಿಡಿದು ಜಗ್ಗುತ್ತಾರೆ. ಹೆರಿಗೆ ಒಂದೆರಡು ವಾರ ಹಿಂದೆಮುಂದೆ ಆಗದ ನಿಯಮವೇನೂ ಇಲ್ಲ, ದಂಡಿನಿಂದ ರೂವಾನ್ ಬಹಳ ದೂರವೂ ಅಲ್ಲ. ಇದಕ್ಕಿಂತ ಮುಖ್ಯವಾದದ್ದು ಮೂರನೆಯ ರಿಚರ್ಡ್ ಏನು ಮಾಡಿದ ಎಂಬುದು. ಅಣ್ಣನ ಮಕ್ಕಳನ್ನು ಕದಲಿಸಿ ಪಟ್ಟವೇರಿದ ಅವನ ಕಡೆಯವರು 1483ರಲ್ಲಿ ಎಡ್ವರ್ಡನ ಹುಟ್ಟಿನ ಬಗ್ಗೆ ಪಿಸುಮಾತು ಹರಡಿದ್ದರು. ಆದರೆ 1484ರ ಪಾರ್ಲಿಮೆಂಟಿನಲ್ಲಿ ಹಕ್ಕನ್ನು ಬರೆಸಿಕೊಳ್ಳುವಾಗ ಅವನು ಆತುಕೊಂಡ ವಾದ ಬೇರೆ: ಅಣ್ಣನಿಗೆ ಎಲಿನರ್ ಬಟ್ಲರ್‌ಳೊಂದಿಗೆ ಮೊದಲೇ ಮದುವೆಯ ಒಪ್ಪಂದವಾಗಿತ್ತು, ಆದ್ದರಿಂದ ಎಲಿಜಬೆತ್ ವುಡ್‌ವಿಲ್‌ಳ ಜೊತೆಗಿನ ಮದುವೆಯೇ ಅಸಿಂಧು, ಮಕ್ಕಳು ಅನೌರಸರು. ರಕ್ತದ ಆರೋಪ ಸಂತೆಯ ಮಾತಿಗೆ ಸಾಕು, ಕಾನೂನಿನ ಕೆಲಸಕ್ಕೆ ಮದುವೆಯ ತಕರಾರೇ ಬೇಕು ಎಂದು ಅವನಿಗೆ ತಿಳಿದಿತ್ತು.

ಗಟ್ಟಿಯಾದ ಆಕ್ಷೇಪ ಬಂದದ್ದು ಅದೇ ರಿಚರ್ಡನ ಎಲುಬುಗಳಿಂದ. 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ಲಿಸುವ ಜಾಗದ ಕೆಳಗೆ ಸಿಕ್ಕ ಅಸ್ಥಿಪಂಜರದ ಡಿಎನ್‌ಎ ಫಲಿತಾಂಶ 2014ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅಕ್ಕ ಆನ್‌ಳಿಂದ ಹೆಣ್ಣು ಹೆಣ್ಣಿನ ಮೂಲಕ ಇಳಿದುಬಂದ ಇಬ್ಬರ ಡಿಎನ್‌ಎ ಅವನದಕ್ಕೆ ಹೊಂದಿತು. ಗಂಡು ಗಂಡಿನ ಮೂಲಕ ಮೂರನೆಯ ಎಡ್ವರ್ಡ್‌ನಿಂದ ಇಳಿದುಬಂದವರೆಂದು ದಾಖಲೆ ಹೇಳುವ ಐವರ ವೈ ಕ್ರೋಮೋಸೋಮ್ ಹೊಂದಲಿಲ್ಲ. ಐವರಲ್ಲಿ ಒಬ್ಬನದು ಉಳಿದ ನಾಲ್ವರದಕ್ಕೂ ಹೊಂದಲಿಲ್ಲ! ಅಂದರೆ ವಿಜ್ಞಾನದ ಪ್ರಕಾರ ತಾಯಿಯ ದಾರಿಯೇ ಸರಿ, ತಂದೆಯ ದಾರಿಯೇ ತಪ್ಪು. ತಾಯಿ ಅನುಮಾನ ಎಂಬ ವಾದ ಬಿದ್ದಿತಲ್ಲ?

ಬೀಳಲಿಲ್ಲ. ಆನ್ ಅರಸರ ಅಕ್ಕ, ಡ್ಯೂಕ್‌ನ ಹೆಂಡತಿ, ಅವಳ ಮಗಳು ದೊಡ್ಡ ಆಸ್ತಿಯ ಮೇಲೆ ಹಕ್ಕಿದ್ದವಳು. ಅಂಥ ಹೆಂಗಸರನ್ನು ದಾಖಲೆ ಮರೆಯುವುದಿಲ್ಲ ಎಂಬುದು ಈ ವಾದದ್ದೇ ಇನ್ನೊಂದು ಮುಖ. ಗಂಡುದಾರಿಯ ಕಥೆಯೂ ವಾದಕ್ಕೆ ಪೂರಕವೇ. ರಿಚರ್ಡನಿಂದ ಮೇಲಕ್ಕೆ ಮೂರನೆಯ ಎಡ್ವರ್ಡ್‌ವರೆಗೆ ನಾಲ್ಕು ಕೊಂಡಿ. ಅಲ್ಲಿಂದ ಬೋಫರ್ಟರ ಮೂಲಕ ಕೆಳಗೆ, ಆ ಐವರ ಮೂಲಪುರುಷನಾದ ಹದಿನೆಂಟನೆಯ ಶತಮಾನದ ಬೋಫರ್ಟಿನ ಐದನೆಯ ಡ್ಯೂಕ್‌ವರೆಗೆ ಹದಿನೈದು. ತಲೆಮಾರಿಗೆ ನೂರಕ್ಕೆ ಒಂದು ತಪ್ಪು ಎಂದು ಹಿಡಿದರೂ ಹತ್ತೊಂಬತ್ತು ಕೊಂಡಿಗಳಲ್ಲಿ ಎಲ್ಲೋ ಒಂದು ಕಳಚಿರುವ ಸಾಧ್ಯತೆ ಸುಮಾರು ಆರರಲ್ಲಿ ಒಂದು. ಕಳಚಿದ್ದು ಯಾವುದೆಂದು ಎಲುಬು ಹೇಳುವುದಿಲ್ಲ. ಬೆರಳು ತೋರಿಸಲು ಒಬ್ಬನಿದ್ದಾನೆ: ರಿಚರ್ಡನ ಅಜ್ಜ, 1415ರಲ್ಲಿ ತಲೆ ಕಳೆದುಕೊಂಡ ಕಾನಿಸ್‌ಬರೋದ ರಿಚರ್ಡ್. ಅವನ ತಾಯಿ ಇಸಬೆಲ್ಲಾ ತನ್ನ ಉಯಿಲಿನಲ್ಲಿ ಮಗನನ್ನು ಅರಸನ ಕೈಗೆ ಒಪ್ಪಿಸಿ ವರ್ಷಾಶನ ಬೇಡಿದಳು, ತಂದೆ ಎಡ್ಮಂಡ್ ಉಯಿಲಿನಲ್ಲಿ ಅವನ ಹೆಸರನ್ನೇ ಎತ್ತಲಿಲ್ಲ. ಜಾನ್ ಹಾಲೆಂಡ್ ನಿಜವಾದ ತಂದೆಯಿರಬಹುದೇ ಎಂದು ಇತಿಹಾಸಕಾರರು ಅನುಮಾನಿಸಿದ್ದಾರೆ. ಉಯಿಲಿನ ಮೌನದಿಂದ ಅಷ್ಟು ದೊಡ್ಡ ತೀರ್ಮಾನ ಎತ್ತುವುದು ಸಾಹಸವೇ ಸರಿ. ನಿಜವೆಂದು ಇಟ್ಟುಕೊಂಡರೂ ಯಾರ್ಕಿನವರ ಹಕ್ಕಿಗೆ ಚ್ಯುತಿಯಿಲ್ಲ. 1460ರಲ್ಲಿ ಅವರು ಪಾರ್ಲಿಮೆಂಟಿನ ಮುಂದಿಟ್ಟ ಹಕ್ಕು ಕಾನಿಸ್‌ಬರೋದ ರಿಚರ್ಡ್‌ನಿಂದ ಬಂದದ್ದಲ್ಲ. ಅವನ ಹೆಂಡತಿ ಆನ್ ಮಾರ್ಟಿಮರ್‌ಳ ಮೂಲಕ ಎಡ್ವರ್ಡ್‌ನ ಮಗ, ಗಾಂಟನ ಅಣ್ಣ ಲಯನೆಲ್‌ವರೆಗೆ ಏರುವ ಹೆಣ್ಣುದಾರಿಯದು ಅದು. ಬೋಫರ್ಟರ ದಾರಿಯಲ್ಲೋ ಚಾರ್ಲ್ಸ್ ಸಾಮರ್‌ಸೆಟ್ ಎಂಬ ಅನೌರಸ ಮಗನಿದ್ದಾನೆ. ತಂದೆ ಸಾಮರ್ಸೆಟಿನ ಮೂರನೆಯ ಡ್ಯೂಕ್ ಹೆನ್ರಿ ಬೋಫರ್ಟ್ ಎಂದು ಎಲ್ಲ ಪುಸ್ತಕಗಳೂ ಖಚಿತವಾಗಿ ಬರೆಯುತ್ತವೆ. ತಾಯಿ ಜೋನ್ ಹಿಲ್ ಎಂಬ ಹೆಸರಿನ ಆಚೆಗೆ ಅವಳ ಬಗ್ಗೆ ಬರೆಯಲು ಬಹಳವೇನೂ ಇಲ್ಲ.

ಕೊನೆಗೆ ಉಳಿಯುವ ಆಕ್ಷೇಪ ವ್ಯವಹಾರದ್ದು. ಹದಿನಾರನೆಯ ಶತಮಾನದಲ್ಲಿ, ಮನೆತನಗಳ ಲಾಂಛನಗಳ ಉಸ್ತುವಾರಿ ನೋಡುವ ಅಧಿಕಾರಿಗಳಾದ ಹೆರಾಲ್ಡ್‌ಗಳು ಜಿಲ್ಲೆ ಜಿಲ್ಲೆ ಸುತ್ತಿ ದೊಡ್ಡ ಮನೆಗಳ ವಂಶಾವಳಿ ಬರೆದುಕೊಂಡರು. ಅವುಗಳಲ್ಲಿ ಬಹಳ ತಾಯಂದಿರ ಹೆಸರಿವೆ, ಅವನ್ನೇ ಏಕೆ ನಂಬಬಾರದು? ಏಕೆಂದರೆ ಹೆಸರು ಕೊಟ್ಟವರು ಮುನ್ನೂರು ನಾನೂರು ವರ್ಷಗಳ ಮೇಲಿನ ಮನೆಯವರು, ಅವರಿಗೆ ಬೇಕಾಗಿದ್ದುದು ಘನತೆಯ ಅಜ್ಜಿಯರು. ಹೊರೇಸ್ ರೌಂಡ್‌ನಂಥ ಇತಿಹಾಸಕಾರರು ಇಂಥ ವಂಶಾವಳಿಗಳನ್ನು ಒಂದೊಂದಾಗಿ ಕೆಡವಿಹಾಕಿ ನೂರು ವರ್ಷದ ಮೇಲಾಯಿತು, ಆದರೂ ಅವು ಸಾಯುವುದಿಲ್ಲ. ದೊರೆ ಜಾನ್‌ನ ಅನೌರಸ ಮಗಳು, ವೇಲ್ಸಿನ ಲಿವೆಲಿನ್‌ನ ಹೆಂಡತಿ ಜೋನ್‌ಳನ್ನೇ ನೋಡಿ. ಪೋಪ್ ಮೂರನೆಯ ಹೊನೋರಿಯಸ್ 1226ರಲ್ಲಿ ಅವಳನ್ನು ಔರಸಳೆಂದು ಘೋಷಿಸಿದರೂ ಆ ಪತ್ರದಿಂದ ತಾಯಿ ಯಾರೆಂದು ತಿಳಿಯುವುದಿಲ್ಲ. 1237ರಲ್ಲಿ ಅವಳು ಸತ್ತಾಗ ಟ್ಯೂಕ್ಸ್‌ಬರಿ ಮಠದ ದಿನಚರಿ ತಾಯಿಯನ್ನು ರಾಣಿ ಕ್ಲೆಮೆನ್ಷಿಯಾ ಎಂದು ಒಂದೇ ಸಾಲಿನಲ್ಲಿ ಕರೆಯಿತು. ಆ ಹೆಸರಿನ ರಾಣಿ ಜಾನ್‌ಗೆ ಇರಲಿಲ್ಲ, ಆದ್ದರಿಂದ ಸಾಲಿನ ಅರ್ಧ ಕಣ್ಣಿಗೆ ಕಾಣುವಂತೆ ತಪ್ಪು. ಉಳಿದರ್ಧವನ್ನು ಹಿಡಿದು ಕ್ಲೆಮೆನ್ಷಿಯಾ ಎಂಬ ಹೆಸರಿನ ಗೊತ್ತಿರುವ ಶ್ರೀಮಂತ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಅವಳ ತಾಯಿಯಾಗಿಸಿ ನೋಡಿದ್ದಾರೆ. ಲಾಂಗೆಸ್ಪೆಯ ಐಡಾಗೆ ಸಿಕ್ಕಂತೆ ಎರಡನೆಯ ಸಾಕ್ಷಿ ಇಲ್ಲಿ ಸಿಕ್ಕಿಲ್ಲ. ಸಿಗುವವರೆಗೆ ಜೋನ್‌ಳ ತಾಯಿಯ ಜಾಗದಲ್ಲಿ ಕ್ಲೆಮೆನ್ಷಿಯಾ ಎಂದಷ್ಟೇ ಬರೆದು, ಅವಳ ತವರಿನ ಜಾಗವನ್ನು ಖಾಲಿ ಬಿಡುವುದೇ ಸರಿ.